ಎಂಟು ಬಾಣ, ಎರಡು ತಪ್ಪು: ಛೋಟಾನಾಗಪುರದ ದಂಗೆಗಳ ಗೋಡೆ ನಕ್ಷೆ

ಬುಡಕಟ್ಟು ದಂಗೆಗಳ ನಕ್ಷೆ ಎಂದು ಅಂಗಡಿಗಳಲ್ಲಿ ಸಿಗುವ ಹಾಳೆಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಭಾರತದ ಹೊರಗೆರೆ, ಅದರೊಳಗೆ ಒಂದಿಷ್ಟು ಕೆಂಪು ಚುಕ್ಕೆ, ಚುಕ್ಕೆಯ ಪಕ್ಕ ಒಂದು ಇಸವಿ, ಒಬ್ಬ ನಾಯಕನ ಹೆಸರು. ಕೋಲ್ 1831, ಭೂಮಿಜ್ 1832, ಸಂತಾಲ್ 1855, ಮುಂಡಾ 1899. ಪರೀಕ್ಷೆಗೆ ಬಾಯಿಪಾಠ ಮಾಡುವವರಿಗೆ ಇದು ಸಾಲುತ್ತದೆ. ಆದರೆ 1831ರ ಚುಕ್ಕೆಗೂ 1832ರ ಚುಕ್ಕೆಗೂ ನಡುವೆ ಏನು ನಡೆಯಿತು, ಒಂದು ಕಡೆಯ ಕಿಚ್ಚು ಪಕ್ಕದ ಸೀಮೆಗೆ ಯಾವ ದಾರಿಯಲ್ಲಿ ಹೋಯಿತು ಎಂದು ಹುಡುಗನೊಬ್ಬ ಕೇಳಿದರೆ ಆ ಹಾಳೆಯಲ್ಲಿ ಉತ್ತರವಿಲ್ಲ.

ಇಲ್ಲಿ ಪರಿಶೀಲಿಸುತ್ತಿರುವ ಗೋಡೆ ನಕ್ಷೆಗಳ ಸೆಟ್ ಆ ಪ್ರಶ್ನೆಯನ್ನೇ ಹಿಡಿದು ಹೊರಟಿದೆ. ಇಡೀ ದೇಶವನ್ನು ಬಿಟ್ಟು ಛೋಟಾನಾಗಪುರ (ಹೆಚ್ಚಾಗಿ ಈಗಿನ ಜಾರ್ಖಂಡಿನಲ್ಲಿರುವ ಪ್ರಸ್ಥಭೂಮಿ) ಮತ್ತು ಅದರ ಅಂಚಿನ ಸೀಮೆಗಳನ್ನಷ್ಟೇ ತೆಗೆದುಕೊಂಡಿದ್ದಾರೆ. ಒಳ್ಳೆಯ ನಿರ್ಧಾರ. 70×100 ಸೆಂ.ಮೀ. ಅಳತೆಯ ಮೂರು ಹಾಳೆ: 1831–33, 1855–57, 1895–1914. ಜೊತೆಗೆ ಬೆಟ್ಟ, ಹೊಳೆಗಳನ್ನು ಮಾತ್ರ ಮುದ್ರಿಸಿದ ಒಂದು ಪಾರದರ್ಶಕ ಹಾಳೆ, 24 ಪುಟದ ಕನ್ನಡ ಕೈಪಿಡಿ, ಅಂಟಿಸಲು ಕೆಂಪು ಬಾಣದ ಗುರುತುಗಳ ಒಂದು ಪಟ್ಟಿ. ಬೆಲೆ 650 ರೂಪಾಯಿ. ಅಳತೆ 1 ಸೆಂ.ಮೀ.ಗೆ 5 ಕಿ.ಮೀ. ಮೂರು ಹಾಳೆಯಲ್ಲಿ ಒಟ್ಟು ಎಂಟು ಬಾಣಗಳಿವೆ. ಪ್ರತಿಯೊಂದೂ ಒಂದು ದಂಗೆಯಿಂದ ಪಕ್ಕದ ದಂಗೆಗೆ ಹೋಗುತ್ತದೆ. ಸೆಟ್ಟಿನ ಬೆಲೆ ಇರುವುದೇ ಈ ಎಂಟು ಬಾಣಗಳಲ್ಲಿ. ಅದರಲ್ಲಿ ಎರಡು ತಪ್ಪು, ಎರಡು ಅರ್ಧ ಸರಿ, ನಾಲ್ಕು ಗಟ್ಟಿ. ಇರಲೇಬೇಕಾದ ಒಂಬತ್ತನೆಯ ಬಾಣವೇ ಇಲ್ಲ.

ಮೊದಲು ಒಂದನೇ ಹಾಳೆ. ಮೂರರಲ್ಲಿ ಇದೇ ಹೆಚ್ಚು ಬಾಳುವಂಥದ್ದು. ಈ ಹಾಳೆ ಒಂದಕ್ಕಾಗಿಯೇ ಸೆಟ್ ಕೊಂಡರೂ ನಷ್ಟವಿಲ್ಲ.

ಹಾಳೆಯ ಅತ್ಯುತ್ತಮ ಕೆಲಸ ಗಡಿಗೆರೆಗಳಲ್ಲಿದೆ. ಈಗಿನ ರಾಜ್ಯಗಳ ಗಡಿಯನ್ನು ತೆಳು ಬೂದು ಬಣ್ಣದಲ್ಲಿ ಹಿಂದಕ್ಕೆ ತಳ್ಳಿ, 1832ರ ಪರಗಣೆ, ಜಮೀನ್ದಾರಿಗಳ ಗಡಿಯನ್ನು ಮುಂದಕ್ಕೆ ತಂದಿದ್ದಾರೆ. ಇದು ಯಾಕೆ ಮುಖ್ಯ ಎಂದರೆ, ಕೋಲ್ ದಂಗೆ ಹುಟ್ಟಿದ ಸೋನೆಪುರ, ತಮಾಡ್ ಇವತ್ತು ಜಾರ್ಖಂಡಿನಲ್ಲಿವೆ. ಭೂಮಿಜರ ದಂಗೆ ಹುಟ್ಟಿದ ಬರಾಭೂಮ್ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿದೆ. ಈಗಿನ ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ಇವೆರಡೂ ಬೇರೆ ಬೇರೆ ರಾಜ್ಯದ ಬೇರೆ ಬೇರೆ ಪಾಠವಾಗುತ್ತವೆ. ಪುರುಲಿಯಾ ಬಿಹಾರದಿಂದ ಬಂಗಾಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಮ್ಮ ಕಡೆ ಗಡಿ ಅಳಿಸಿದ ದಿನವೇ ಅಲ್ಲಿ ಒಂದು ಗಡಿ ಎದ್ದಿತು. ತಮಾಡಿನಿಂದ ಬರಾಭೂಮಿನ ಬರಾಬಜಾರಿಗೆ ಹಾಳೆಯ ಮೇಲೆ ಅಳೆದರೆ ಸುಮಾರು 14 ಸೆಂ.ಮೀ., ಅಂದರೆ 70 ಕಿ.ಮೀ.ಯಷ್ಟು, ನೇರ ಪೂರ್ವಕ್ಕೆ. ಎರಡು ಮೂರು ದಿನದ ನಡಿಗೆ. ಸುದ್ದಿ ಹೋಗಲು ಅಷ್ಟೂ ಬೇಡ.

ಮೂಲ ಘಟನೆಯನ್ನು ಕೈಪಿಡಿ ಚೆನ್ನಾಗಿ ಕೊಟ್ಟಿದೆ. ಛೋಟಾನಾಗಪುರದ ಮಹಾರಾಜನ ಸಹೋದರ ಹರನಾಥ ಶಾಹಿ ಸೋನೆಪುರದ ಹಳ್ಳಿಗಳನ್ನು ಹೊರಗಿನ ಸಿಖ್ಖ ಮತ್ತು ಮುಸ್ಲಿಂ ಠೀಕಾದಾರರಿಗೆ ಗುತ್ತಿಗೆ ಕೊಟ್ಟ. ಸಿಂಗ್ರಾಯ್ ಮಾಂಕಿಯ 12 ಹಳ್ಳಿ ಹೋದವು. ಅವನ ಇಬ್ಬರು ತಂಗಿಯರನ್ನು ಹೊತ್ತೊಯ್ದರು. ಮುಂಡಾ ಎಂದರೆ ಊರಿನ ಗೌಡ (ಬುಡಕಟ್ಟಿನ ಹೆಸರೂ ಅದೇ), ಮಾಂಕಿ ಎಂದರೆ ಹಲವು ಊರುಗಳ ಮೇಲಿನ ಹಿರಿಯ ಎಂದು ಕೈಪಿಡಿ ಎರಡನೇ ಪುಟದಲ್ಲೇ ಬಿಡಿಸಿ ಹೇಳಿದೆ. ಇದು ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಯಾಕೆಂದರೆ ಮಾಂಕಿಗೆ ಆದ ಅವಮಾನ ಒಂದು ಮನೆಯದಲ್ಲ, ಹತ್ತು ಹನ್ನೆರಡು ಊರಿನದು. ತಮಾಡ್ ಸೀಮೆಯ ಲಂಕಾ ಎಂಬಲ್ಲಿ ಸಭೆ ಸೇರಿದರು. ಸಿಂಗ್ರಾಯ್, ಬಿಂದ್ರಾಯ್, ಸೂಯಿ ಮುಂಡಾ ಮುಂತಾದವರು ಮುಂದಾದರು. 1831ರ ಡಿಸೆಂಬರ್ 11ರಂದು ಸೋನೆಪುರದಲ್ಲಿ ಮೊದಲ ದಾಳಿ ನಡೆಯಿತು. ಭತ್ತದ ಕೊಯ್ಲು ಮುಗಿದು ಕೈ ಖಾಲಿಯಾಗುವ ಹೊತ್ತು ಅದು. ತಿಂಗಳನ್ನು ಹಾಳೆಯ ಅಂಚಿನಲ್ಲಿ ಚಿಕ್ಕ ಪಟ್ಟಿಯಾಗಿ ಮುದ್ರಿಸಿದ್ದಾರೆ, ಆದರೆ ಬೇಸಾಯದ ಕೆಲಸವನ್ನು ಅದರ ಪಕ್ಕ ಬರೆದಿಲ್ಲ. ಪೆನ್ಸಿಲಿನಲ್ಲಿ ನೀವೇ ಬರೆದುಕೊಳ್ಳಿ. ಎರಡನೇ ಹಾಳೆಗೂ ಬೇಕಾಗುತ್ತದೆ.

ಈಗ ಬಾಣಗಳು. ಮೊದಲನೆಯದು ಸೋನೆಪುರದಿಂದ ದಕ್ಷಿಣಕ್ಕೆ, ಹೋ ಜನರ ಸಿಂಗಭೂಮಿಗೆ ಇಳಿಯುತ್ತದೆ. ಗೆರೆ ಸರಿ, ಮೂತಿ ತಿರುಗಾಮುರುಗಾ. ದಂಗೆ ಸಿಂಗಭೂಮಿಗೆ ‘ಹರಡಿದ್ದು’ ಎನ್ನುವುದಕ್ಕಿಂತ ಸಿಂಗಭೂಮಿಯ ಹೋಗಳು ಬಿಲ್ಲು ಬಾಣ ಹಿಡಿದು ಮೇಲೆ ಬಂದು ಸೋನೆಪುರದವರ ಜೊತೆ ಸೇರಿದ್ದು ಎನ್ನಬೇಕು. ಹೋಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳು ‘ಲಡ್ಕಾ’ ಎಂದರೆ ಹೋರಾಟಗಾರರು ಎಂದೇ ಕರೆಯುತ್ತಿದ್ದವು. 1820–21ರಲ್ಲಿ ಮೇಜರ್ ರಫ್ಸೆಜ್‌ನ ಸೈನ್ಯದ ಜೊತೆ ಕಾದಾಡಿದ ನೆನಪು ಅವರಿಗೆ ಹತ್ತೇ ವರ್ಷ ಹಿಂದಿನದು. ಮುಂಡಾ ಮತ್ತು ಹೋ ಭಾಷೆಗಳು ಅಕ್ಕತಂಗಿಯರು, ಕಿಲಿ ಎಂಬ ಬಳಿಗಳ ಹೆಸರೂ ಎರಡೂ ಕಡೆ ಒಂದೇ. ಹಾಗಾಗಿ ಇದು ಸ್ಫೂರ್ತಿಯ ಬಾಣ ಅಲ್ಲ, ನಂಟರನ್ನು ಕರೆಸಿಕೊಂಡ ಬಾಣ. ಮೂತಿಯನ್ನು ಉತ್ತರಕ್ಕೆ ತಿರುಗಿಸಿ ಅಂಟಿಸಿ. ಜೊತೆಗೆ ಅದೇ ಬಾಣದ ದಕ್ಷಿಣದ ತುದಿಯಲ್ಲಿ ಚಾಯಿಬಾಸಾ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಅದು ಕಂಪನಿಯ ಕೇಂದ್ರವಾದದ್ದು 1837ರಲ್ಲಿ. 1831ರ ಹಾಳೆಯಲ್ಲಿ ಅಷ್ಟು ದೊಡ್ಡ ಅಕ್ಷರ ಸಲ್ಲದು.

ಎರಡನೇ ಬಾಣ ಪಶ್ಚಿಮಕ್ಕೆ, ಉರಾಂವ್ ಸೀಮೆಗೆ. ಇದು ಗಟ್ಟಿ. ಅದು ಮುಟ್ಟುವ ಸಿಲಾಗಾಯ್ ಎಂಬ ಊರು ಉರಾಂವ್ ನಾಯಕ ಬುಧು ಭಗತ್‌ನದು. 1832ರ ಫೆಬ್ರವರಿ 13ರಂದು ಕಂಪನಿಯ ಸೈನ್ಯ ಊರನ್ನು ಸುತ್ತುವರಿದಾಗ ಅವನೂ ಅವನ ಮಕ್ಕಳೂ ಬಳಗದ ಅನೇಕರೂ ಸತ್ತರು. ಈ ಬಾಣದ ಹತ್ತಿರ ಸ್ವಲ್ಪ ನಿಲ್ಲುವುದು ಒಳ್ಳೆಯದು. ಉರಾಂವರ ಮಾತು ಕುರುಖ್. ಅದು ಮುಂಡಾಗಳ ಮಾತಾದ ಮುಂಡಾರಿಯ ನಂಟು ಭಾಷೆಯಲ್ಲ, ಅದು ನಮ್ಮ ಕನ್ನಡದ ನಂಟು. ಕಣ್ಣಿಗೆ ಅವರು ‘ಖನ್’ ಎನ್ನುತ್ತಾರೆ, ನೀನು ಎನ್ನಲು ‘ನೀನ್’ ಎನ್ನುತ್ತಾರೆ. ಮುಂಡಾರಿ ಆಡುವವನಿಗೂ ಕುರುಖ್ ಆಡುವವನಿಗೂ ಮಾತಿನ ನಂಟಿಲ್ಲ. ಹಾಗಿದ್ದರೂ ಕಿಚ್ಚು ಎರಡು ತಿಂಗಳೊಳಗೆ ಅಲ್ಲಿ ಮುಟ್ಟಿತು. ಊರಿಂದೂರಿಗೆ ಬಾಣವನ್ನೇ ಕಳಿಸಿ ಯುದ್ಧಕ್ಕೆ ಕರೆದರು ಎಂಬುದು ಇಲ್ಲಿ ಅರ್ಥವಾಗಬೇಕಾದ ಸಂಗತಿ. ಬಾಣಕ್ಕೆ ಭಾಷಾಂತರ ಬೇಡ, ಓದು ಬರಹ ಬೇಡ, ತಂದವನನ್ನು ಹಿಡಿದರೂ ಅವನ ಕೈಯಲ್ಲಿ ಓದಿ ತಿಳಿಯುವಂಥ ಕಾಗದವಿಲ್ಲ. ಕೈಪಿಡಿ ಇದನ್ನು ‘ಸಾಂಕೇತಿಕ ಸಂವಹನ’ ಎಂಬ ಎರಡು ಪದದಲ್ಲಿ ಮುಗಿಸಿದೆ. ಇಡೀ ಸೆಟ್ಟಿನಲ್ಲಿ ಒಂದು ಪುಟ ಕೇಳುವ ವಿಷಯ ಇದು. ಕೊಟ್ಟಿರುವುದು ಅರ್ಧ ಸಾಲು.

ಅಂದಹಾಗೆ ‘ಕೋಲ್’ ಎನ್ನುವುದು ಯಾವ ಒಂದು ಬುಡಕಟ್ಟಿನ ಹೆಸರೂ ಅಲ್ಲ. ಹೊರಗಿನವರು ಮುಂಡಾ, ಉರಾಂವ್, ಹೋ ಎಲ್ಲರಿಗೂ ಸೇರಿಸಿ ಇಟ್ಟ ಹೆಸರು. ಅದಕ್ಕೇ ಬೇರೆ ನಕ್ಷೆಗಳಲ್ಲಿ ‘ಕೋಲ್ ದಂಗೆ’ ಒಂದೇ ಚುಕ್ಕೆಯಾಗಿ ಕೂತಿರುತ್ತದೆ. ಆ ಚುಕ್ಕೆಯ ಒಳಗೇ ಮೂರು ನಾಲ್ಕು ಜನಾಂಗಗಳು ಒಬ್ಬರನ್ನೊಬ್ಬರು ಎಬ್ಬಿಸಿದ ಕಥೆ ಇದೆ ಎನ್ನುವುದು ಕಾಣುವುದೇ ಇಲ್ಲ. ಈ ಸೆಟ್ ಮೂರು ಜನಾಂಗಗಳಿಗೆ ಮೂರು ಬಣ್ಣ ಕೊಟ್ಟಿರುವುದು ಮೆಚ್ಚಬೇಕಾದದ್ದು. ಬಣ್ಣದ ಆಯ್ಕೆ ಮಾತ್ರ ಹಾಳು: ತಿಳಿ ಹಸಿರಿನ ಮೇಲೆ ಹಳದಿ ಅಕ್ಷರ. ಎರಡು ಮೀಟರ್ ದೂರದಿಂದ ಊರಿನ ಹೆಸರು ಒಂದೂ ಓದಲು ಬರುವುದಿಲ್ಲ.

ಮೂರನೇ ಬಾಣ ವಾಯವ್ಯಕ್ಕೆ, ಪಲಾಮುವಿಗೆ. 1832ರ ಜನವರಿಯಲ್ಲಿ ಅಲ್ಲಿಯ ಚೇರೋ, ಖರವಾರರೂ ಎದ್ದರು. ಇದೂ ಗಟ್ಟಿ. ಇಲ್ಲಿ ನಂಟಸ್ತಿಕೆ ಕೆಲಸ ಮಾಡಲಿಲ್ಲ. ಹೊರಗಿನವರ ಮೇಲಿನ ಸಿಟ್ಟು ಎರಡೂ ಕಡೆ ಒಂದೇ ಆಗಿತ್ತು. ಹಾಳೆ ಇದನ್ನೂ ಮೊದಲ ಬಾಣದಂತೆಯೇ ದಪ್ಪ ಕೆಂಪು ಗೆರೆಯಲ್ಲಿ ಎಳೆದಿದೆ. ನಮ್ಮ ದೊಡ್ಡ ತಕರಾರು ಇರುವುದು ಇಲ್ಲೇ. ಜನ ನಡೆದು ಬಂದದ್ದು, ಕರೆಯ ಗುರುತು ಬಂದದ್ದು, ಒಂದೇ ಬಗೆಯ ಸಂಕಟ ಇದ್ದದ್ದು, ಸೋತವರು ಪಕ್ಕದ ಸೀಮೆಗೆ ಓಡಿ ಹೋಗಿ ಅಲ್ಲಿ ಕಿಚ್ಚು ಹಚ್ಚಿದ್ದು, ಈ ನಾಲ್ಕಕ್ಕೂ ಒಂದೇ ಕೆಂಪು ಗೆರೆ. ಗೆರೆಗಳ ಬಗೆ ಬೇರೆ ಮಾಡಲು ಹೆಚ್ಚೇನೂ ಖರ್ಚಿಲ್ಲ. ಜನ ನಡೆದದ್ದಕ್ಕೆ ದಪ್ಪ ಗೆರೆ, ಗುರುತಿಗೆ ಚುಕ್ಕೆ ಗೆರೆ, ಸಂಕಟದ ಸಾಮ್ಯಕ್ಕೆ ಬಾಣದ ಮೂತಿಯೇ ಇಲ್ಲದ ಜೋಡಿ ಗೆರೆ, ಪಲಾಯನಕ್ಕೆ ಅಂಕುಡೊಂಕು ಗೆರೆ. ಮೂತಿ ಇಲ್ಲದ ಗೆರೆ ಯಾಕೆ ಎಂದರೆ, ಒಂದೇ ಕಾರಣದಿಂದ ಎರಡು ಕಡೆ ಎದ್ದದ್ದನ್ನು ಒಂದು ಇನ್ನೊಂದಕ್ಕೆ ಕಲಿಸಿತು ಎಂದು ತೋರಿಸುವುದು ಈ ಬಗೆಯ ನಕ್ಷೆಗಳ ಹಳೆಯ ಚಾಳಿ.

ನಾಲ್ಕನೇ ಬಾಣ ಸೆಟ್ಟಿನ ಜೀವಾಳ. ತಮಾಡಿನಿಂದ ಪೂರ್ವಕ್ಕೆ, ಬರಾಭೂಮಿಗೆ. ಅರ್ಧ ಸರಿ.

ಬಿಂದ್ರಾಯ್, ಸೂಯಿ ಮುಂಡಾ ಮುಂತಾದವರು ಶರಣಾದದ್ದು 1832ರ ಮಾರ್ಚ್ ಮೂರನೇ ವಾರದಲ್ಲಿ. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 2ರಂದು, ಬರಾಭೂಮಿನಲ್ಲಿ ಗಂಗಾ ನಾರಾಯಣ ಸಿಂಗ್ ಜಮೀನ್ದಾರಿಯ ದಿವಾನ ಮಾಧವ ಸಿಂಗನನ್ನು ಕೊಂದ. ಆಮೇಲೆ ಬರಾಬಜಾರಿಗೆ ನುಗ್ಗಿ ಮುನ್ಸೀಫ್ ಕಚೇರಿ, ಪೊಲೀಸ್ ಠಾಣೆಗಳನ್ನು ಸುಟ್ಟರು. ಕಂಪನಿಯ ಕಾಗದಗಳಲ್ಲಿ ಇದಕ್ಕೆ ‘ಗಂಗಾ ನಾರಾಯಣನ ಹಂಗಾಮ’ ಎಂದೇ ಹೆಸರು. ದಿನಾಂಕ ಇಷ್ಟು ಹತ್ತಿರ ಇರುವುದರಿಂದ ಕೈಪಿಡಿ ‘ಕೋಲ್ ದಂಗೆಯ ಪ್ರೇರಣೆಯಿಂದ’ ಎಂದು ಷರಾ ಬರೆದು ಮುಂದೆ ಹೋಗಿದೆ. ಅಷ್ಟು ಸಲೀಸಲ್ಲ. ಗಂಗಾ ನಾರಾಯಣನ ಜಗಳ ಮನೆತನದ ಜಗಳ. ಬರಾಭೂಮಿನ ಪಟ್ಟ ಯಾರಿಗೆ ಎಂಬ ವ್ಯಾಜ್ಯ ಅವನ ತಂದೆ ಲಕ್ಷ್ಮಣ ಸಿಂಗನ ಕಾಲದಿಂದ ಹರಿದು ಬಂದದ್ದು. ಕಂಪನಿಯ ಕೋರ್ಟುಗಳು ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಹಿಡಿದು ಆ ಶಾಖೆಯನ್ನು ಹೊರಗಿಟ್ಟವು. ದಿವಾನ ಮಾಧವ ಸಿಂಗ್ ಗಂಗಾ ನಾರಾಯಣನ ಪಾಲಿಗಿದ್ದ ಹಳ್ಳಿಗಳನ್ನೂ ಕಿತ್ತುಕೊಂಡಿದ್ದ, ಬಡ್ಡಿ ವ್ಯವಹಾರದಿಂದ ಊರವರ ದ್ವೇಷವನ್ನೂ ಕಟ್ಟಿಕೊಂಡಿದ್ದ. ಕೊಲೆಗೆ ಕಾರಣ ಅಲ್ಲಿಯದೇ. ಆದರೆ ಒಂದು ಕೊಲೆ ಸಾವಿರಾರು ಭೂಮಿಜರ ದಂಗೆಯಾಗಿ ಬೆಳೆದದ್ದಕ್ಕೆ ಮಾತ್ರ ಪಕ್ಕದ ಸೀಮೆಯನ್ನು ನೋಡಬೇಕು: ಕಂಪನಿಯನ್ನು ಮೂರು ತಿಂಗಳು ತಡೆದು ನಿಲ್ಲಿಸಬಹುದು, ಅದು ಬರಾಕ್‌ಪುರ, ದಾನಾಪುರ, ಬನಾರಸ್‌ನಷ್ಟು ದೂರದಿಂದ ಪಡೆ ತರಿಸಿಕೊಳ್ಳಬೇಕಾಗುತ್ತದೆ ಎನ್ನುವುದನ್ನು ಕೋಲ್ ದಂಗೆ ಕಣ್ಣಮುಂದೆ ತೋರಿಸಿತ್ತು. ಕಡ್ಡಿ ಬರಾಭೂಮಿನದು, ಗಾಳಿ ಪಶ್ಚಿಮದಿಂದ ಬೀಸಿತು. ಹಾಗಾಗಿ ಇಲ್ಲಿ ಬಾಣವನ್ನು ಕೀಳಬೇಡಿ. ಅದರ ಮೊನೆಯ ಹತ್ತಿರ ಒಂದು ಪ್ರತ್ಯೇಕ ಚುಕ್ಕೆ ಇಟ್ಟು ‘ಪಟ್ಟದ ವ್ಯಾಜ್ಯ, ದಿವಾನ’ ಎಂದು ಬರೆಯಿರಿ. ಎರಡೂ ಕಾಣಬೇಕು.

ಭೂಮಿಜರದು ಅದೇ ಮೊದಲ ದಂಗೆಯೂ ಅಲ್ಲ. 1798–99ರ ಚುವಾಡ್ ದಂಗೆಯ ಸೀಮೆ ಇದೇ. ಅದನ್ನು ಹತ್ತಿಕ್ಕಿದ ಮೇಲೆ 1805ರಲ್ಲಿ ಕಂಪನಿ ಜಂಗಲ್ ಮಹಲ್ ಎಂಬ ಜಿಲ್ಲೆಯನ್ನೇ ಮಾಡಿತ್ತು. ಹಳೆಯ ಕೆಂಡದ ಮೇಲೆ ಹೊಸ ಗಾಳಿ ಎನ್ನಲು ಒಂದನೇ ಹಾಳೆಯ ಪೂರ್ವ ಭಾಗದಲ್ಲಿ 1799 ಎಂಬ ಇಸವಿ ಮಸುಕಾಗಿಯಾದರೂ ಇರಬೇಕಿತ್ತು. ಇಲ್ಲ.

ಇನ್ನು ಇಲ್ಲದ ಒಂಬತ್ತನೆಯ ಬಾಣ. ಬರಾಭೂಮಿನಿಂದ ನೈರುತ್ಯಕ್ಕೆ, ಸಿಂಗಭೂಮಿಯ ಖರಸಾವಾಕ್ಕೆ. ಸೈನ್ಯ ಬೆನ್ನು ಹತ್ತಿದಾಗ ಗಂಗಾ ನಾರಾಯಣ ಹೋಗಳ ನಾಡಿಗೆ ಹೋಗಿ ನೆರವು ಕೇಳಿದ. ಒಂದು ವರ್ಷದ ಹಿಂದೆ ಸೋನೆಪುರದವರು ಕೇಳಿದ ಕೂಡಲೇ ಎದ್ದು ಬಂದ ಅದೇ ಹೋಗಳು ಈಗ ಕೂಡಲೇ ಏಳಲಿಲ್ಲ. ಖರಸಾವಾದ ಠಾಕೂರನ ಜೊತೆ ಅವರಿಗೆ ವೈರ ಇತ್ತು. ಮೊದಲು ಅವನ ಕೋಟೆಯ ಮೇಲೆ ದಾಳಿ ಮಾಡಿ ತೋರಿಸು, ಆಮೇಲೆ ನಿನ್ನನ್ನು ಮುಂದಾಳು ಎಂದು ಒಪ್ಪುತ್ತೇವೆ ಎಂದರು. ಗಂಗಾ ನಾರಾಯಣ ಆ ದಾಳಿಯಲ್ಲೇ ಸತ್ತ, 1833ರ ಫೆಬ್ರವರಿಯಲ್ಲಿ. ಠಾಕೂರ ಅವನ ತಲೆಯನ್ನು ಕ್ಯಾಪ್ಟನ್ ವಿಲ್ಕಿನ್ಸನ್‌ಗೆ ಕಳಿಸಿದ.

ಒಂದು ದಂಗೆ ಪಕ್ಕದ್ದನ್ನು ಹೇಗೆ ಎಬ್ಬಿಸುತ್ತದೆ, ಯಾವಾಗ ಎಬ್ಬಿಸುವುದಿಲ್ಲ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಸಿಂಗ್ರಾಯ್ ನಂಟ, ಗಂಗಾ ನಾರಾಯಣ ಪಕ್ಕದ ಸೀಮೆಯ ಅರಸು ಮನೆತನದವ. ಹೋಗಳಿಗೆ ಇಬ್ಬರೂ ಒಂದೇ ಆಗಲು ಸಾಧ್ಯವಿರಲಿಲ್ಲ. ಕೈಪಿಡಿ ಅವನ ಸಾವನ್ನು ಒಂದು ಸಾಲಿನಲ್ಲಿ ಹೇಳಿದೆ, ಷರತ್ತಿನ ಮಾತೇ ಇಲ್ಲ. ಬರಾಬಜಾರಿನಿಂದ ಖರಸಾವಾಕ್ಕೆ ಅಂಕುಡೊಂಕು ಗೆರೆ ಎಳೆದು, ಕೊನೆಯಲ್ಲಿ ಮೂತಿಯ ಬದಲು ಅಡ್ಡಗೆರೆ ಹಾಕಿ.

ಒಂದನೇ ಹಾಳೆಯ ಕೆಳಗಡೆ ನೀಲಿ ಪೆಟ್ಟಿಗೆಯಲ್ಲಿ ಕಂಪನಿ ಮಾಡಿದ್ದೇನು ಎಂಬುದಿದೆ. 1833ರ 13ನೇ ರೆಗ್ಯುಲೇಷನ್ ಪ್ರಕಾರ ಜಂಗಲ್ ಮಹಲ್ ಜಿಲ್ಲೆಯನ್ನು ಒಡೆದು ನೈರುತ್ಯ ಗಡಿ ಏಜೆನ್ಸಿ ಮಾಡಿದರು. ಮಾನಭೂಮ್ ಎಂಬ ಹೊಸ ಜಿಲ್ಲೆ ಹುಟ್ಟಿತು. ಮೊದಲು ಮಾನಬಜಾರ್, 1838ರಿಂದ ಪುರುಲಿಯಾ ಅದರ ಕೇಂದ್ರ. ವಿಲ್ಕಿನ್ಸನ್ ಏಜೆಂಟ. ಇಲ್ಲಿ ಒಂದು ಜಾಣತನದ ಕೆಲಸ ಮಾಡಿದ್ದಾರೆ: ಏಜೆನ್ಸಿಯ ಗಡಿಯನ್ನು ನೀಲಿ ಗೆರೆಯಲ್ಲಿ ಎಳೆದು ಕೋಲ್, ಭೂಮಿಜ್ ಎರಡೂ ದಂಗೆಯ ಸೀಮೆಗಳನ್ನು ಒಂದೇ ಗೆರೆಯೊಳಗೆ ತಂದಿದ್ದಾರೆ. ಎರಡನ್ನೂ ಒಂದೇ ಕಾಯಿಲೆ ಎಂದು ಕಂಪನಿಯೇ ಒಪ್ಪಿಕೊಂಡದ್ದು ಆ ಗೆರೆಯಲ್ಲಿ ಕಾಣುತ್ತದೆ. ಆಮೇಲಿನದಕ್ಕೆ ಜಾಗ ಸಾಲದೆ ಬಿಟ್ಟಿದ್ದಾರೆ. ಹೋಗಳು ಸೋನೆಪುರಕ್ಕೆ ಹೋದದ್ದಕ್ಕೆ ಬೆಲೆ ತೆತ್ತದ್ದು 1836–37ರಲ್ಲಿ. ಕಂಪನಿ ಹೋಗಳ ನಾಡಾದ ಕೋಲ್ಹಾನನ್ನೇ ನೇರ ಆಳ್ವಿಕೆಗೆ ತೆಗೆದುಕೊಂಡಿತು. 1837ರ ನವೆಂಬರಿನಲ್ಲಿ ಸೆರೆಂಗಸಿಯಾ ಘಾಟಿಯಲ್ಲಿ ಪೋಟೋ ಹೋ ಮತ್ತು ಸಂಗಡಿಗರು ಅಡಗಿ ಕಾದಾಡಿದರು, 1838ರ ಜನವರಿ 1ರಂದು ಜಗನ್ನಾಥಪುರದಲ್ಲಿ ಪೋಟೋ ಹೋನನ್ನು ಗಲ್ಲಿಗೇರಿಸಿದರು. ಮಾಂಕಿ, ಮುಂಡಾಗಳಿಗೇ ಊರಿನ ಅಧಿಕಾರ ಬಿಟ್ಟುಕೊಟ್ಟ ವಿಲ್ಕಿನ್ಸನ್ ನಿಯಮಗಳೂ ಅದೇ 1837ರವು. ನಕ್ಷೆಯ ಎಡ ಅಂಚಿನ ಖಾಲಿ ಜಾಗದಲ್ಲಿ ಇವನ್ನು ಬರೆದುಕೊಳ್ಳಬಹುದು. ಮಾರ್ಕರ್ ಲ್ಯಾಮಿನೇಷನ್ನಿನ ಮೇಲೆ ಚೆನ್ನಾಗಿ ಕೂರುತ್ತದೆ.

ಎರಡನೇ ಹಾಳೆ 1855–57. ಸಂತಾಲರ ಹೂಲ್, ಎಂದರೆ ದಂಗೆ. ಕೈಪಿಡಿಯಲ್ಲಿ ಒಂದು ಕಡೆ ‘ಹೂಲ್’, ಇನ್ನೊಂದು ಕಡೆ ‘ಹುಲ್’, ಹಾಳೆಯ ಮೇಲೆ ‘ಹುಲ್ಲ್’. ಮೂರನೆಯದನ್ನು ನೋಡಿ ಮೇವಿನ ವಿಷಯ ಎಂದುಕೊಳ್ಳುವ ಮಕ್ಕಳೂ ಇರುತ್ತಾರೆ. ತಮಾಡ್, ತಾಮಾರ್ ಕೂಡ ಹೀಗೆಯೇ ಎರಡು ಊರಾಗಿ ಹೋಗಿವೆ. ಒಂದೇ ಕಾಗುಣಿತ ಹಿಡಿಯುವುದು ಅಚ್ಚಿಗೆ ಕಳಿಸುವ ಮುಂಚಿನ ಅರ್ಧ ದಿನದ ಕೆಲಸ.

ಐದನೇ ಬಾಣ ಭೋಗನಾಡಿಯಿಂದ ಬೀರಭೂಮಿನ ಕಡೆಗೆ; ಗಟ್ಟಿ. 1855ರ ಜೂನ್ 30ರಂದು ಸಂತಾಲ ನಾಯಕರಾದ ಸಿದ್ಧು, ಕಾನ್ಹು ಸಹೋದರರು ಕರೆದ ಸಭೆಗೆ ಸಾಲದ ಕೊಂಬೆ ಊರೂರು ತಿರುಗಿ ಜನ ಸೇರಿದರು. ಇಲ್ಲಿ ಸಾಲ ಎಂದರೆ ಬಡ್ಡಿಯ ಸಾಲ ಅಲ್ಲ, ಸಾಲ ಮರ. ಆ ಸಾಲವೂ ದಂಗೆಗೆ ಕಾರಣವಾಗಿತ್ತು ಎನ್ನುವುದು ಬೇರೆ ಮಾತು. ದಾಮಿನ್-ಇ-ಕೋಹ್ ಎಂದು ಗುರುತಿಸಿದ ಸೀಮೆಯಲ್ಲಿ 1838ರಲ್ಲಿ ಸಂತಾಲರ ಊರು 40, ಜನ 3,000. 1851ರ ಹೊತ್ತಿಗೆ ಊರು 1,473, ಜನ 82,000ಕ್ಕೂ ಹೆಚ್ಚು. ಕಾಡು ಕಡಿದು ಹೊಲ ಮಾಡಿದವರ ಹಿಂದೆಯೇ ಸಾಹುಕಾರರು ಬಂದರು. ಅಂಕಿಗಳನ್ನು ಹಾಳೆಯ ಮೂಲೆಯಲ್ಲಿ ಕಂಬಚಿತ್ರವಾಗಿ ಹಾಕಿರುವುದು ನೋಡಿದ ತಕ್ಷಣ ತಿಳಿಯುತ್ತದೆ. ಲೋಹಾರರು, ಗ್ವಾಲರು, ತೇಲಿಗಳು ಹೂಲ್‌ನಲ್ಲಿ ಸಂತಾಲರ ಕಡೆ ನಿಂತದ್ದನ್ನೂ ಬಿಟ್ಟಿಲ್ಲ. ಬಾಣದ ಮೊನೆ ಬಡಿಯುವವನಿಲ್ಲದೆ ಬಿಲ್ಲಿನ ದಂಗೆ ನಡೆಯುವುದಿಲ್ಲ.

ಬಿಟ್ಟಿರುವುದು ಪಹಾಡಿಯಾ ಎಂಬ ಬೆಟ್ಟದ ಬುಡಕಟ್ಟಿನವರನ್ನು. ರಾಜಮಹಲ್ ಬೆಟ್ಟಗಳ ಮೇಲೆ ಏನೂ ಬರೆಯದೆ ಬಿಳಿ ಬಿಟ್ಟಿದ್ದಾರೆ. ಸಂತಾಲರ ತೀರ ಹತ್ತಿರದ ನೆರೆ ಇವರೇ. ಎದ್ದು ಬಂದು ಸೇರಬೇಕಿದ್ದವರೂ ಇವರೇ ಅನ್ನಿಸುತ್ತದೆ. ಆದರೆ ಸಂತಾಲರ ನೇಗಿಲು ಬಂದದ್ದು ಪಹಾಡಿಯಾರ ಬೆಟ್ಟದ ಬುಡಕ್ಕೆ. ಇವರನ್ನು ಮೇಲಕ್ಕೆ, ಕಲ್ಲು ನೆಲಕ್ಕೆ ತಳ್ಳಿಯೇ ದಾಮಿನ್ ಬೆಳೆದದ್ದು. 1780ರ ದಶಕದಲ್ಲಿ ಕಂಪನಿಯ ಅಧಿಕಾರಿ ಕ್ಲೀವ್‌ಲ್ಯಾಂಡ್ ಪಹಾಡಿಯಾ ಮುಖಂಡರಿಗೆ ವರ್ಷಾಸನ ಕೊಟ್ಟು, ಅವರ ಯುವಕರಿಂದಲೇ ಬೆಟ್ಟದ ಪಡೆ ಕಟ್ಟಿದ್ದ. ಭಾಗಲ್ಪುರ ಹಿಲ್ ರೇಂಜರ್ಸ್ ಎಂಬ ಆ ಪಡೆಯನ್ನೇ ಮೇಜರ್ ಬರೋಸ್ 1855ರ ಜುಲೈ 16ರಂದು ಪೀರಪೈಂತಿಯಲ್ಲಿ ಸಂತಾಲರ ಎದುರು ನಿಲ್ಲಿಸಿದ, ಸೋತ. ಆ ಬಿಳಿ ಜಾಗದಲ್ಲಿ ‘ಸೇರಲಿಲ್ಲ’ ಎಂದು ದೊಡ್ಡದಾಗಿ ಬರೆಯಿರಿ. ನೆರೆ ಎಂದ ಮಾತ್ರಕ್ಕೆ ಜೊತೆಗಾರ ಅಲ್ಲ ಎನ್ನುವುದನ್ನು ತೋರಿಸದ ನಕ್ಷೆ, ಸೇರಿದವರು ಯಾಕೆ ಸೇರಿದರು ಎಂಬುದನ್ನೂ ತೋರಿಸಲಾರದು.

ತಿಂಗಳ ಪಟ್ಟಿಗೆ ಪೆನ್ಸಿಲಿನಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೋಲ್ ದಂಗೆ ಕೊಯ್ಲಿನ ನಂತರದ್ದು. ಹೂಲ್ ಮಳೆಯ ನಡುವೆ, ಗದ್ದೆ ಕೆಲಸದ ಹೊತ್ತಿನಲ್ಲೇ ಎದ್ದದ್ದು. ಮಳೆ ನಿಂತ ಮೇಲೆ, ನವೆಂಬರ್ 10ರಂದು, ಸೈನಿಕ ಆಡಳಿತ ಹೇರಿದರು. ಅದು 1856ರ ಜನವರಿ 3ರವರೆಗೆ ಇತ್ತು.

ಆರನೇ ಬಾಣ ತಪ್ಪು. ಭೋಗನಾಡಿಯಿಂದ ಹಾಳೆಯ ಈ ತುದಿಯಿಂದ ಆ ತುದಿಗೆ, 1857ರ ಪಲಾಮುವಿಗೆ ಎಳೆದಿದ್ದಾರೆ. ನೀಲಾಂಬರ, ಪೀತಾಂಬರ ಸಹೋದರರ ಭೋಗ್ತಾ, ಖರವಾರ ಪಡೆ 1857ರ ಅಕ್ಟೋಬರಿನಲ್ಲಿ ಚೈನಪುರದ ಮೇಲೆ ಬಿದ್ದದ್ದಕ್ಕೆ ಹತ್ತಿರದ ಕಾರಣ ಹೂಲ್ ಅಲ್ಲ, ಸಿಪಾಯಿಗಳು. ಜುಲೈ 30ರಂದು ಹಜಾರಿಬಾಗಿನಲ್ಲಿ, ಆಗಸ್ಟ್ ಮೊದಲೆರಡು ದಿನದಲ್ಲಿ ರಾಂಚಿಯ ಡೋರಂಡಾದಲ್ಲಿ ಸಿಪಾಯಿಗಳು ತಿರುಗಿಬಿದ್ದರು. ರಾಮಗಢ ಬೆಟಾಲಿಯನ್ ಇಲ್ಲದ ಮೇಲೆ ಕಂಪನಿಯ ಕೈ ಖಾಲಿ. ಚೈನಪುರದ ಜಹಗೀರುದಾರರು ಕಂಪನಿಯ ಕಡೆಯವರು. ಬಾಣ ಡೋರಂಡಾದಿಂದ ಹೊರಡಬೇಕು. ಇದನ್ನು ಕಿತ್ತು ಹಾಗೆಯೇ ಅಂಟಿಸಿ. ಹಲಗಲಿಯ ಬೇಡರು ಎದ್ದದ್ದೂ ಅದೇ 1857ರಲ್ಲಿ. ಅದಕ್ಕೂ ಪಲಾಮುವಿನಿಂದ ಬಾಣ ಎಳೆಯಲು ಯಾರೂ ಹೋಗುವುದಿಲ್ಲ, ಯಾಕೆಂದರೆ ಆಯುಧ ಕಾಯ್ದೆ ಎಂಬ ಕಾರಣ ಅಲ್ಲೇ ಕಣ್ಣಿಗೆ ಬೀಳುತ್ತದೆ. ಪಲಾಮುವಿಗೂ ಅಷ್ಟೇ ಮರ್ಯಾದೆ ಕೊಡಬೇಕು.

ಮೂರನೇ ಹಾಳೆಯಲ್ಲಿ ಹೇಳುವಂಥದ್ದು ಕಡಿಮೆ. ಮುಂಡಾ ಮುಖಂಡರ ಸರದಾರಿ ಹೋರಾಟದಿಂದ ಬಿರ್ಸಾ ಮುಂಡಾನ ಉಲ್ಗುಲಾನ್‌ಗೆ, ಎಂದರೆ ಮಹಾ ದಂಗೆಗೆ, ಹೋಗುವ ಏಳನೇ ಬಾಣಕ್ಕೆ ತಕರಾರಿಲ್ಲ. ಅರ್ಜಿ, ವಕೀಲ, ಕೋರ್ಟು ಎಂದು ದಶಕಗಳ ಕಾಲ ಅಲೆದು ಸೋತ ಸರದಾರರಲ್ಲಿ ಹಲವರು ಬಿರ್ಸಾನ ಹಿಂದೆ ಬಂದರು. 1899ರ ಡಿಸೆಂಬರ್ 24ರಂದು ದಂಗೆಯ ಆರಂಭ, 1900ರ ಜನವರಿ 7ರಂದು ಖೂಂಟಿ ಠಾಣೆ, ಜನವರಿ 9ರಂದು ಸೈಲ್ ರಕಬ್ ಬೆಟ್ಟ, ಫೆಬ್ರವರಿ 3ರಂದು ಬಿರ್ಸಾನ ಸೆರೆ, ಜೂನ್ 9ರಂದು ರಾಂಚಿ ಜೈಲಿನಲ್ಲಿ ಸಾವು. ದಿನಾಂಕಗಳು ಸರಿಯಾಗಿವೆ, ಊರುಗಳೂ ಸರಿಯಾದ ಜಾಗದಲ್ಲಿವೆ. ಎಂಟನೇ 'ಬಾಣ' ಖೂಂಟಿಯಿಂದ ಗುಮ್ಲಾದ ಬಿಶುನಪುರಕ್ಕೆ, ಮುಂಡಾರಿಂದ ಉರಾಂವರಿಗೆ, 1914ರಲ್ಲಿ ಜತ್ರಾ ಉರಾಂವ್ ಆರಂಭಿಸಿದ ತಾನಾ ಭಗತ್ ಚಳವಳಿಗೆ. ಅರ್ಧ ಸರಿ. ಹೊಸ ಧರ್ಮದ ಶಿಸ್ತು, ಹೆಂಡ ಮಾಂಸ ಬಿಡುವುದು, ಭೂತಪ್ರೇತಗಳಿಗೆ ಕೋಳಿ ಕೊಡುವುದನ್ನು ನಿಲ್ಲಿಸುವುದು, ಇವು ಎರಡರಲ್ಲೂ ಇವೆ. ಆದರೆ ತಾನಾ ಭಗತರು ಬಿಲ್ಲು ಎತ್ತಲಿಲ್ಲ. ಜಮೀನ್ದಾರನ ಬಿಟ್ಟಿ ಚಾಕರಿಗೆ, ಕಂದಾಯಕ್ಕೆ ಇಲ್ಲ ಎಂದರು. ನಡುವೆ 14 ವರ್ಷ, 1908ರ ಛೋಟಾನಾಗಪುರ ಗೇಣಿ ಕಾಯ್ದೆ. ಇಷ್ಟು ದೂರದ ನಂಟಿಗೆ ಚುಕ್ಕೆ ಗೆರೆ ಸಾಕು.

ಬಳಸುವ ಬಗೆ. ಮೂರೂ ಹಾಳೆಯನ್ನು ಒಟ್ಟಿಗೆ ತೂಗು ಹಾಕಬೇಡಿ; ಬಾಣಗಳು ಕಣ್ಣಿಗೆ ಒಂದರ ಮೇಲೊಂದು ಬಂದು ಎಲ್ಲವೂ ಎಲ್ಲಕ್ಕೂ ಕಾರಣ ಎನ್ನಿಸುತ್ತದೆ. 40 ನಿಮಿಷದ ಒಂದು ಪೀರಿಯಡ್ಡಿಗೆ ಒಂದನೇ ಹಾಳೆ ಮಾತ್ರ. ಮೊದಲು ಪಾರದರ್ಶಕ ಹಾಳೆ ಹೊದಿಸಿ ಸುವರ್ಣರೇಖಾ, ದಕ್ಷಿಣ ಕೋಯಲ್, ದಾಮೋದರ ತೋರಿಸಿ. ಆಮೇಲೆ ಸೋನೆಪುರ, ಸಿಲಾಗಾಯ್, ಪಲಾಮು, ಬರಾಬಜಾರ್, ಖರಸಾವಾ, ಐದು ಕಡೆ ಗುಂಡುಪಿನ್ ಚುಚ್ಚಿ, ಪ್ರತಿ ಪಿನ್ನಿಗೆ ತಿಂಗಳು ಬರೆದ ಚೀಟಿ ಕಟ್ಟಿ. ಬಾಣ ಕೊನೆಗೆ. ಮೊದಲೇ ಬಾಣ ಅಂಟಿಸಿದರೆ ಮಕ್ಕಳು ತಿಂಗಳು ನೋಡುವುದೇ ಇಲ್ಲ. ಪಾರದರ್ಶಕ ಹಾಳೆ ಎಡಕ್ಕೆ 3 ಮಿ.ಮೀ. ಜರುಗಿ ಅಚ್ಚಾಗಿದೆ, ಮೇಲಿನ ಬಲ ಮೂಲೆಯ ಗುರುತನ್ನು ಬಿಟ್ಟು ಕೆಳಗಿನ ಎಡ ಮೂಲೆಯದಕ್ಕೆ ಹೊಂದಿಸಿದರೆ ಹೊಳೆಗಳು ಸರಿಯಾದ ಊರಿನ ಪಕ್ಕ ಬರುತ್ತವೆ.

ಲ್ಯಾಮಿನೇಷನ್ ಹೊಳೆಯುವ ಬಗೆಯದು, ಕಿಟಕಿಯ ಎದುರು ಗೋಡೆಗೆ ಹಾಕಿದರೆ ಮಧ್ಯಾಹ್ನ ಪೂರ್ವ ಭಾಗ ಏನೂ ಕಾಣದು. ಕೆಳಗಿನ ಪಟ್ಟಿ ಪ್ಲಾಸ್ಟಿಕ್ಕಿನದು, ಹಗುರ. ಹಾಳೆ ಸುರುಳಿಯಾಗಿ ಮೇಲಕ್ಕೆ ಏಳುತ್ತದೆ. ಮರದ ರೀಪು ಕಟ್ಟಿದರೆ ನಿಲ್ಲುತ್ತದೆ. ಕೆಂಪು ಬಾಣಗಳ ಅಂಟು ಮೂರು ನಾಲ್ಕು ಸಲ ಕಿತ್ತು ಹಾಕಿದ ಮೇಲೆ ಹೋಗುತ್ತದೆ. ಆಗ ಕೆಂಪು ಉಲ್ಲನ್ ದಾರ ತನ್ನಿ. ದಪ್ಪ ಗೆರೆಗೆ ಮೂರೆಳೆ, ಚುಕ್ಕೆ ಗೆರೆಗೆ ಒಂದೆಳೆ ಬಿಟ್ಟು ಬಿಟ್ಟು. ಬರಾಬಜಾರಿನಿಂದ ಖರಸಾವಾಕ್ಕೆ ಎಳೆಯುವ ದಾರವನ್ನು ಬಿಗಿಯಾಗಿ ಕಟ್ಟಬೇಡಿ, ಸಡಿಲ ಬಿಡಿ. ಅದು ನೇರ ಹೋದ ದಾರಿಯಲ್ಲ.